ಕಂಬವಿಲ್ಲ, ತಂತಿಯಿಲ್ಲ, ಯಜಮಾನನಿಲ್ಲ, ಆದರೂ ಜಾಲ!

ಗೋಪುರಗಳು ಕೈಕೊಟ್ಟಾಗ ಗಣಕಗಳೂ ಫೋನುಗಳೂ ತಮ್ಮತಮ್ಮಲ್ಲೇ ಮಾತಾಡಿಕೊಳ್ಳಬಲ್ಲವೇ? ‘ಅಡ್‌ಹಾಕ್’ ನಿಸ್ತಂತು ಜಾಲಗಳ ಹಿಂದಿರುವ ಯುಕ್ತಿ, ಲೆಕ್ಕಾಚಾರ ಮತ್ತು ಇತಿಮಿತಿಗಳ ಪರಿಚಯ ಇಲ್ಲಿದೆ.

ಹಳ್ಳಿಯಲ್ಲಿ ಹುಲ್ಲಿನ ಬಣವೆಗೆ ಬೆಂಕಿ ಬಿತ್ತೆನ್ನಿ. ಬಾವಿ ಇರುವುದು ನೂರು ಮಾರು ಆಚೆ. ಊರವರು ಏನು ಮಾಡುತ್ತಾರೆ? ಒಬ್ಬೊಬ್ಬರೂ ಕೊಡ ಹಿಡಿದು ಬಾವಿಗೂ ಬಣವೆಗೂ ಓಡಾಡುವುದಿಲ್ಲ. ಸಾಲಾಗಿ ನಿಲ್ಲುತ್ತಾರೆ. ಬಾವಿಯ ಬಳಿ ಇದ್ದವನು ತುಂಬಿದ ಕೊಡವನ್ನು ಪಕ್ಕದವನಿಗೆ ದಾಟಿಸುತ್ತಾನೆ, ಅವನು ಮುಂದಿನವನಿಗೆ. ಈ ಸಾಲನ್ನು ಯಾರೂ ಮೊದಲೇ ಗೊತ್ತುಮಾಡಿರುವುದಿಲ್ಲ. ಮುಖ್ಯಸ್ಥನೆಂದು ಯಾರನ್ನೂ ಆರಿಸಿರುವುದಿಲ್ಲ. ಒಬ್ಬ ಸುಸ್ತಾಗಿ ಪಕ್ಕಕ್ಕೆ ಸರಿದರೆ ಅವನ ಎಡಬಲದವರು ಒಂದೊಂದು ಹೆಜ್ಜೆ ಹತ್ತಿರ ಬರುತ್ತಾರೆ. ಬೆಂಕಿ ಆರಿದ ಮೇಲೆ ಸಾಲೂ ಕರಗುತ್ತದೆ.

ನೀರಿನ ಕೊಡದ ಜಾಗದಲ್ಲಿ ಸಂದೇಶವನ್ನೂ, ಜನರ ಜಾಗದಲ್ಲಿ ಗಣಕಯಂತ್ರಗಳನ್ನೂ ಇಟ್ಟು ನೋಡಿ. ‘ಅಡ್‌ಹಾಕ್ ನಿಸ್ತಂತು ಜಾಲ’ ಎಂದರೆ ಇಷ್ಟೇ.

‘ಅಡ್‌ಹಾಕ್’ ಎಂಬ ಮಾತು ನಮ್ಮ ಪಾಲಕರಿಗೆ ಹೊಸದೇನಲ್ಲ. ಅಡ್‌ಹಾಕ್ ಸಮಿತಿ, ಅಡ್‌ಹಾಕ್ ನೇಮಕಾತಿ ಎಂದೆಲ್ಲ ಕಚೇರಿಗಳಲ್ಲಿ ಕೇಳಿದವರೇ. ಇದು ಲ್ಯಾಟಿನ್ ಭಾಷೆಯ ಮಾತು. ‘ಇದಕ್ಕಾಗಿ’ ಎಂದು ಅರ್ಥ. ಈ ಹೊತ್ತಿನ ಈ ಕೆಲಸಕ್ಕಾಗಿ, ಇಲ್ಲಿ ಇರುವವರೇ ಸೇರಿ ಮಾಡಿಕೊಂಡ ಏರ್ಪಾಡು ಎಂದು ಹೇಳಬಹುದು.

ಪಕ್ಕದ ಮನೆಗೂ ಗೋಪುರದ ದಾರಿ

ಇಂಥದೊಂದು ಏರ್ಪಾಡಿನ ಅಗತ್ಯವಾದರೂ ಏನು? ಎಲ್ಲರ ಕೈಯಲ್ಲೂ ಮೊಬೈಲ್ ಇದೆಯಲ್ಲ?

ಇದೆ, ನಿಜ. ಆದರೆ ನೀವು ಪಕ್ಕದ ಮನೆಯ ಗೆಳೆಯನಿಗೆ ಮೊಬೈಲ್‌ನಿಂದ ಕರೆ ಮಾಡಿದರೂ ನಿಮ್ಮ ಮಾತು ನೇರವಾಗಿ ಗೋಡೆ ದಾಟಿ ಅವನ ಫೋನಿಗೆ ಹೋಗುವುದಿಲ್ಲ. ಮೊದಲು ಗೋಪುರಕ್ಕೆ, ಅಲ್ಲಿಂದ ಕಂಪನಿಯ ವಿನಿಮಯ ಕೇಂದ್ರಕ್ಕೆ, ಮತ್ತೆ ಗೋಪುರಕ್ಕೆ, ಆಮೇಲೆ ಅವನ ಕಿವಿಗೆ. ಮನೆಯ ವೈ-ಫೈ ಕೂಡ ಹಾಗೆಯೇ. ಒಂದೇ ಕೋಣೆಯ ಎರಡು ಲ್ಯಾಪ್‌ಟಾಪ್‌ಗಳು ಮಾತಾಡಬೇಕಾದರೂ ಮೂಲೆಯಲ್ಲಿರುವ ರೂಟರ್ ಪೆಟ್ಟಿಗೆಯ ಮಧ್ಯಸ್ಥಿಕೆ ಬೇಕು.

ಗೋಪುರ ನಿಲ್ಲುವುದು ವಿದ್ಯುತ್ತಿನ ಬಲದ ಮೇಲೆ. ಕರೆಂಟು ಹೋದರೆ ಬ್ಯಾಟರಿ, ಬ್ಯಾಟರಿ ಮುಗಿದರೆ ಡೀಸೆಲ್ ಜನರೇಟರ್. ಡೀಸೆಲ್ ತರುವ ದಾರಿಯೇ ಕುಸಿದಿದ್ದರೆ? ಗೋಪುರಕ್ಕೆ ಬರುವ ಆಪ್ಟಿಕಲ್ ಕೇಬಲ್ ಮಣ್ಣಿನೊಂದಿಗೆ ಕೊಚ್ಚಿಹೋಗಿದ್ದರೆ? 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ ರಸ್ತೆ, ವಿದ್ಯುತ್, ಫೋನು ಎಲ್ಲವೂ ಕಡಿದುಹೋಗಿ ಎಷ್ಟೋ ಊರುಗಳು ದ್ವೀಪಗಳಂತಾದವು. ‘ಬದುಕಿದ್ದೇವೆ’ ಎಂಬ ಒಂದು ಪದ ಕಳಿಸಲು ಜನ ಪರದಾಡಿದರು. ಅವರ ಜೇಬಿನಲ್ಲಿದ್ದ ಫೋನು ಕೆಟ್ಟಿರಲಿಲ್ಲ. ಅದರೊಳಗಿನ ಪುಟ್ಟ ರೇಡಿಯೋ ಸರಿಯಾಗಿಯೇ ಇತ್ತು. ಅದರ ಮಾತು ಕೇಳಿಸಿಕೊಳ್ಳುವ ಗೋಪುರ ಮಾತ್ರ ಇರಲಿಲ್ಲ. ಆ ರೇಡಿಯೋಗಳೇ ಒಂದಕ್ಕೊಂದು ಕೈಜೋಡಿಸಿದರೆ ಹೇಗೆ?

ಹವಾಯಿಯಲ್ಲಿ ಮೊಳೆತ ಬೀಜ

ಈ ಯೋಚನೆಗೆ ಅರ್ಧ ಶತಮಾನಕ್ಕೂ ಮೀರಿದ ಇತಿಹಾಸವಿದೆ. 1964ರಲ್ಲಿ ಅಮೆರಿಕದ ರ್‍ಯಾಂಡ್ ಸಂಸ್ಥೆಯ ಪಾಲ್ ಬರಾನ್, ಕೇಂದ್ರವೇ ಇಲ್ಲದ ಸಂಪರ್ಕ ಜಾಲವೊಂದರ ವಿವರವಾದ ವರದಿಗಳನ್ನು ಪ್ರಕಟಿಸಿದರು. ಅಣುಯುದ್ಧದಲ್ಲಿ ಅರ್ಧ ಜಾಲ ನಾಶವಾದರೂ ಉಳಿದರ್ಧ ಮಾತಾಡುತ್ತಿರಬೇಕು ಎಂಬುದು ಅವರ ಗುರಿ. ಸಂದೇಶವನ್ನು ಚೂರು ಚೂರು ಮಾಡಿ ಒಂದೊಂದು ಚೂರಿಗೂ ವಿಳಾಸ ಬರೆದು ಕಳಿಸಿದರೆ, ಯಾವ ದಾರಿ ತೆರೆದಿದೆಯೋ ಆ ದಾರಿಯಲ್ಲಿ ಅದು ಸಾಗುತ್ತದೆ. ಈ ಚೂರುಗಳನ್ನೇ ಇಂದು ‘ಪ್ಯಾಕೆಟ್’ ಅಥವಾ ಪೊಟ್ಟಣ ಎನ್ನುತ್ತೇವೆ.

ಇಂಥ ಪೊಟ್ಟಣಗಳನ್ನು ತಂತಿಯಿಲ್ಲದೆ, ರೇಡಿಯೋ ಅಲೆಗಳ ಮೇಲೆ ಕಳಿಸಿ ತೋರಿಸಿದ್ದು ಹವಾಯಿ ವಿಶ್ವವಿದ್ಯಾಲಯ. ಪ್ರೊ. ನಾರ್ಮನ್ ಅಬ್ರಾಮ್ಸನ್ ಮತ್ತು ಸಂಗಡಿಗರ ‘ಅಲೋಹಾ ನೆಟ್’ 1971ರಲ್ಲಿ ಕೆಲಸ ಆರಂಭಿಸಿತು. ಸಮುದ್ರದ ನಡುವೆ ಚೆದುರಿದ ದ್ವೀಪಗಳಿಂದ ಕೇಂದ್ರದ ಗಣಕವನ್ನು ಸಂಪರ್ಕಿಸುವ ಏರ್ಪಾಡು ಅದು. ಅದರ ನಿಯಮ ಬಲು ಸರಳ. ಹೇಳುವುದಿದ್ದರೆ ಹೇಳಿಬಿಡಿ. ಇನ್ನೊಬ್ಬರೂ ಅದೇ ಕ್ಷಣ ಮಾತಾಡಿ ಎರಡೂ ಕಲಸಿಹೋದರೆ, ಮನಸ್ಸಿಗೆ ಬಂದಷ್ಟು ಹೊತ್ತು ಕಾದು ಮತ್ತೆ ಹೇಳಿ. ಇಬ್ಬರೂ ಬೇರೆ ಬೇರೆ ಹೊತ್ತು ಕಾಯುವುದರಿಂದ ಎರಡನೆಯ ಸಲ ಡಿಕ್ಕಿಯಾಗುವ ಸಂಭವ ಕಡಿಮೆ.

ಆದರೆ ಇದರಲ್ಲಿ ಪೋಲು ಬಹಳ. ಲೆಕ್ಕ ಹಾಕಿದರೆ, ಇಂಥ ವ್ಯವಸ್ಥೆಯಲ್ಲಿ ಅತಿ ಹೆಚ್ಚೆಂದರೆ ಶೇ 18ರಷ್ಟು ಸಮಯವಷ್ಟೇ ಸಫಲ ಮಾತಿಗೆ ಸಿಗುತ್ತದೆ. ಉಳಿದದ್ದು ಡಿಕ್ಕಿಗೂ ಮೌನಕ್ಕೂ ಹೋಗುತ್ತದೆ. ಗಡಿಯಾರದ ತಾಳಕ್ಕೆ ಸರಿಯಾಗಿ, ನಿಗದಿತ ಕ್ಷಣಗಳಲ್ಲಿ ಮಾತ್ರ ಮಾತು ಆರಂಭಿಸಬೇಕೆಂಬ ನಿಯಮ ತಂದರೆ ಅದು ಎರಡು ಪಟ್ಟಾಗಿ ಶೇ 36ನ್ನು ದಾಟುತ್ತದೆ.

ಅಲೋಹಾದಲ್ಲಿ ಇನ್ನೂ ಒಬ್ಬ ಯಜಮಾನನಿದ್ದ. ಎಲ್ಲರೂ ಕೇಂದ್ರದೊಡನೆಯೇ ಮಾತಾಡಬೇಕಿತ್ತು. 1970ರ ದಶಕದಲ್ಲಿ ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆಯು ‘ಪ್ಯಾಕೆಟ್ ರೇಡಿಯೋ’ ಯೋಜನೆ ಕೈಗೊಂಡು ಮುಂದಿನ ಹೆಜ್ಜೆ ಇಟ್ಟಿತು. ಇಲ್ಲಿ ಒಂದು ರೇಡಿಯೋ ಇನ್ನೊಂದರ ಪೊಟ್ಟಣವನ್ನು ಮುಂದಕ್ಕೆ ದಾಟಿಸುತ್ತಿತ್ತು. 1976ರ ಆಗಸ್ಟ್ 27ರಂದು ಕ್ಯಾಲಿಫೋರ್ನಿಯಾದ ಪೋರ್ಟೊಲಾ ವ್ಯಾಲಿಯ ರಸ್ತೆಬದಿಯ ಹೋಟೆಲೊಂದರ ಮೇಜಿನ ಮೇಲೆ ಒಂದು ಟರ್ಮಿನಲ್ ಇಟ್ಟು, ಹೊರಗೆ ನಿಂತಿದ್ದ ವ್ಯಾನಿನ ರೇಡಿಯೋ ಮೂಲಕ ಅಂದಿನ ಅರ್ಪಾನೆಟ್‌ಗೆ ಸಂದೇಶ ಕಳಿಸಲಾಯಿತು. ಬೇರೆ ಬೇರೆ ಜಾತಿಯ ಎರಡು ಜಾಲಗಳು ಒಂದಾದ ಆ ದಿನವನ್ನು ಅಂತರ್ಜಾಲದ ಚರಿತ್ರೆ ಬರೆಯುವವರು ಇಂದಿಗೂ ನೆನೆಯುತ್ತಾರೆ.

ನಡುಮನೆಯ ಗೊಂದಲ

ಯಜಮಾನನಿಲ್ಲದ ಜಾಲಕ್ಕೆ ಎದುರಾಗುವ ಮೊದಲ ಸಮಸ್ಯೆ, ಯಾರು ಯಾವಾಗ ಮಾತಾಡಬೇಕು ಎಂಬುದು. ‘ಬೇರೆಯವರು ಮಾತಾಡುತ್ತಿಲ್ಲವೆಂದು ಕಿವಿಗೊಟ್ಟು ನೋಡಿ, ಆಮೇಲೆ ಮಾತಾಡಿದರಾಯಿತು’ ಎನ್ನಬಹುದು. ಅಷ್ಟು ಸಾಲದು. ಯಾಕೆಂದು ನೋಡೋಣ.

ಹಳೆಯ ಕಾಲದ ಉದ್ದನೆಯ ಮನೆ. ಮಗ ಮುಂದಿನ ಜಗಲಿಯಲ್ಲಿದ್ದಾನೆ. ಮಗಳು ಹಿಂದಿನ ಹಿತ್ತಿಲಿನಲ್ಲಿದ್ದಾಳೆ. ಅಮ್ಮ ನಡುಮನೆಯಲ್ಲಿ. ಅಮ್ಮನಿಗೆ ಇಬ್ಬರ ದನಿಯೂ ಕೇಳುತ್ತದೆ. ಆದರೆ ಜಗಲಿಯ ಮಾತು ಹಿತ್ತಿಲಿಗೆ ಕೇಳದು, ಹಿತ್ತಿಲಿನದು ಜಗಲಿಗೆ ಕೇಳದು. ಮನೆ ಶಾಂತವಾಗಿದೆಯೆಂದು ಭಾವಿಸಿ ಇಬ್ಬರೂ ಒಟ್ಟಿಗೇ ‘ಅಮ್ಮಾ’ ಎಂದು ಶುರುಮಾಡುತ್ತಾರೆ. ಅಮ್ಮನಿಗೆ ಕೇಳುವುದು ಬರೀ ಗದ್ದಲ! ಇಬ್ಬರೂ ಶಿಸ್ತಿನವರೇ, ಇಬ್ಬರೂ ಕಿವಿಗೊಟ್ಟೇ ಮಾತಾಡಿದವರು. ಆದರೂ ಕೆಲಸ ಕೆಟ್ಟಿತು. ಇದಕ್ಕೆ ತಂತ್ರಜ್ಞರು ‘ಮರೆಯಲ್ಲಿರುವ ಗಂಟಿನ ಸಮಸ್ಯೆ’ ಎನ್ನುತ್ತಾರೆ. ಬಲೆಯಲ್ಲಿ ದಾರಗಳು ಕೂಡುವ ಕಡೆ ಗಂಟು ಇರುವಂತೆ, ಜಾಲದ ಒಂದೊಂದು ಗಣಕವೂ ಒಂದು ಗಂಟು.

ಪರಿಹಾರವೇನು? ಮಗ ಮೊದಲು ಚಿಕ್ಕದಾಗಿ ‘ಅಮ್ಮಾ, ಹೇಳಲಾ?’ ಎಂದು ಕೇಳಬೇಕು. ಅಮ್ಮ ‘ಹೂಂ ಹೇಳು, ಎರಡು ನಿಮಿಷ’ ಎನ್ನಬೇಕು. ಮಗನ ಪ್ರಶ್ನೆ ಹಿತ್ತಿಲಿಗೆ ಕೇಳದಿದ್ದರೂ ಅಮ್ಮನ ‘ಹೂಂ’ ಕೇಳುತ್ತದೆ. ಮಗಳು ಎರಡು ನಿಮಿಷ ಸುಮ್ಮನಿರುತ್ತಾಳೆ. 1990ರಲ್ಲಿ ಹವ್ಯಾಸಿ ರೇಡಿಯೋ ಪ್ರೇಮಿ ಫಿಲ್ ಕಾರ್ನ್ ಸೂಚಿಸಿದ ಈ ಉಪಾಯ ಮುಂದೆ ವೈ-ಫೈ ನಿಯಮಾವಳಿಯಲ್ಲೂ ಸೇರಿತು.

1997ರಲ್ಲಿ ಹೊರಬಂದ ಆ ನಿಯಮಾವಳಿ, ಅಂದರೆ ಐಇಇಇ 802.11, ಸೆಕೆಂಡಿಗೆ 1 ಅಥವಾ 2 ಮೆಗಾಬಿಟ್ ವೇಗವನ್ನಷ್ಟೇ ಕೊಡುತ್ತಿತ್ತು. ಅದರಲ್ಲೇ ‘ಅಡ್‌ಹಾಕ್’ ಎಂಬ ಬಗೆಗೂ ಅವಕಾಶವಿತ್ತು. ಆದರೆ ಇಲ್ಲೊಂದು ಸೂಕ್ಷ್ಮವಿದೆ, ವಿದ್ಯಾರ್ಥಿಗಳು ಗಮನಿಸಬೇಕು. ಆ ಬಗೆಯಲ್ಲಿ ಪರಸ್ಪರ ದನಿ ಕೇಳುವಷ್ಟು ಹತ್ತಿರದ ಯಂತ್ರಗಳು ನೇರವಾಗಿ ಮಾತಾಡಬಹುದು, ಅಷ್ಟೇ. ಒಬ್ಬರ ಸಂದೇಶವನ್ನು ಇನ್ನೊಬ್ಬರು ಮೂರನೆಯವರಿಗೆ ದಾಟಿಸುವ ಕೆಲಸ ಅದರಲ್ಲಿಲ್ಲ. ಅದಕ್ಕೆ ಅದರ ಮೇಲೆ ಇನ್ನೊಂದು ತಂತ್ರಾಂಶ ಬೇಕು.

ದಾರಿ ಹುಡುಕುವ ಎರಡು ಬಗೆ

ಎರಡನೆಯ ಸಮಸ್ಯೆ ದಾರಿಯದು. ತಂತಿಯ ಜಾಲದಲ್ಲಿ ದಾರಿಗಳು ಇದ್ದಲ್ಲೇ ಇರುತ್ತವೆ. ಇಲ್ಲಿ ಗಂಟುಗಳೇ ನಡೆದಾಡುತ್ತವೆ. ಈಗ ಇದ್ದ ದಾರಿ ಇನ್ನು ಐದು ನಿಮಿಷಕ್ಕೆ ಇಲ್ಲ. ಯಾರೊಬ್ಬರ ಬಳಿಯೂ ಇಡೀ ಊರಿನ ನಕ್ಷೆಯಿಲ್ಲ. ಹಾಗಿದ್ದೂ ಪೊಟ್ಟಣ ಸರಿಯಾದ ವಿಳಾಸ ಸೇರಬೇಕು.

ಒಂದು ಬಗೆ, ಬಸ್ ನಿಲ್ದಾಣದ ವೇಳಾಪಟ್ಟಿಯಂಥದು. ಪ್ರತಿ ಗಂಟೂ ‘ಯಾರನ್ನು ಮುಟ್ಟಲು ಯಾವ ನೆರೆಯವನ ಮೂಲಕ ಹೋಗಬೇಕು, ಎಷ್ಟು ಜಿಗಿತ’ ಎಂಬ ಪಟ್ಟಿ ಇಟ್ಟುಕೊಂಡಿರುತ್ತದೆ. ಆಗಾಗ ಆ ಪಟ್ಟಿಯನ್ನು ನೆರೆಯವರಿಗೆ ಓದಿ ಹೇಳುತ್ತದೆ. 1994ರಲ್ಲಿ ಚಾರ್ಲ್ಸ್ ಪರ್ಕಿನ್ಸ್ ಮತ್ತು ನಮ್ಮ ದೇಶದ ಪ್ರವೀಣ್ ಭಾಗವತ್ ಪ್ರಕಟಿಸಿದ ‘ಡಿಎಸ್‌ಡಿವಿ’ ಇಂಥದು. ಬೇಕೆಂದಾಗ ದಾರಿ ಸಿದ್ಧವಿರುತ್ತದೆ. ಆದರೆ ಯಾರೂ ಪ್ರಯಾಣ ಮಾಡದಿದ್ದರೂ ಪಟ್ಟಿ ತಿದ್ದುವ ಕೆಲಸ ನಡೆಯುತ್ತಲೇ ಇರಬೇಕು. ಬ್ಯಾಟರಿ ಕರಗುತ್ತದೆ.

ಎರಡನೆಯ ಬಗೆ, ದಾರಿ ಕೇಳುತ್ತ ಹೋಗುವುದು. ಬಾಯಿದ್ದವನು ಬರಗಾಲದಲ್ಲೂ ಬದುಕುತ್ತಾನೆ ಎಂಬ ಗಾದೆ ಇಲ್ಲಿ ಸಲ್ಲುತ್ತದೆ. ‘ಕ’ ಎಂಬ ಗಣಕ ದೂರದ ‘ಘ’ಗೆ ಸಂದೇಶ ಕಳಿಸಬೇಕು. ಅದಕ್ಕೆ ಕೇಳಿಸುವಷ್ಟು ಹತ್ತಿರ ಇರುವುದು ‘ಖ’ ಮಾತ್ರ. ‘ಖ’ಗೆ ‘ಗ’ ಹತ್ತಿರ, ‘ಗ’ಗೆ ‘ಘ’ ಹತ್ತಿರ. ಆಗ ನಡೆಯುವುದು ಇದು:

ಮೊದಲು ‘ಕ’ ಡಂಗುರ ಸಾರುತ್ತದೆ: ‘ಘ ಎಲ್ಲಿದ್ದಾನೆ? ಇದು ನನ್ನ 7ನೇ ಪ್ರಶ್ನೆ.’ ಅದನ್ನು ಕೇಳಿದ ‘ಖ’, ‘ಈ ಪ್ರಶ್ನೆ ನನಗೆ ಕ ಕಡೆಯಿಂದ ಬಂತು’ ಎಂದು ಬರೆದಿಟ್ಟುಕೊಂಡು ತಾನೂ ಸಾರುತ್ತದೆ. ‘ಗ’ ಕೂಡ ಹಾಗೆಯೇ, ‘ಖ ಕಡೆಯಿಂದ ಬಂತು’ ಎಂದು ಬರೆದಿಟ್ಟು ಸಾರುತ್ತದೆ. ಅಷ್ಟರಲ್ಲಿ ‘ಖ’ ಸಾರಿದ್ದು ‘ಕ’ಗೂ, ‘ಗ’ ಸಾರಿದ್ದು ‘ಖ’ಗೂ ಕೇಳಿಸುತ್ತದೆ. ಆದರೆ ಅದೇ 7ನೇ ಪ್ರಶ್ನೆಯಾದ್ದರಿಂದ ಅವು ಮತ್ತೆ ಸಾರುವುದಿಲ್ಲ. ಈ ಸಂಖ್ಯೆ ಇಲ್ಲದಿದ್ದರೆ ಡಂಗುರ ಕೊನೆಯಿಲ್ಲದೆ ಸುತ್ತುತ್ತಿತ್ತು. ಕೊನೆಗೆ ‘ಘ’ಗೆ ಪ್ರಶ್ನೆ ಮುಟ್ಟುತ್ತದೆ. ‘ನಾನಿಲ್ಲಿದ್ದೇನೆ’ ಎಂಬ ಉತ್ತರವನ್ನು ಅದು ಡಂಗುರ ಹೊಡೆಯದೆ, ಕೇಳಿ ತಂದ ‘ಗ’ಗೆ ಮಾತ್ರ ಕೊಡುತ್ತದೆ. ‘ಗ’ ತನ್ನ ಚೀಟಿ ನೋಡಿ ‘ಖ’ಗೆ, ‘ಖ’ ತನ್ನ ಚೀಟಿ ನೋಡಿ ‘ಕ’ಗೆ ದಾಟಿಸುತ್ತವೆ. ಉತ್ತರ ವಾಪಸು ಬಂದ ದಾರಿಯೇ ಸಂದೇಶದ ದಾರಿ!

ನಡುವೆ ‘ಗ’ ಎದ್ದು ಹೋಯಿತೆನ್ನಿ. ‘ಖ’ ಕೂಡಲೇ ‘ದಾರಿ ಮುರಿದಿದೆ’ ಎಂದು ‘ಕ’ಗೆ ತಿಳಿಸುತ್ತದೆ. ‘ಕ’ 8ನೇ ಪ್ರಶ್ನೆ ಹೊರಡಿಸುತ್ತದೆ. ದೊಡ್ಡ ಸಂಖ್ಯೆಯ ಸುದ್ದಿ ಹೊಸದು, ಚಿಕ್ಕ ಸಂಖ್ಯೆಯದು ಹಳಸಿದ್ದು ಎಂದು ಎಲ್ಲರಿಗೂ ಗೊತ್ತು. ಪರ್ಕಿನ್ಸ್ ಮತ್ತು ಎಲಿಜಬೆತ್ ರಾಯರ್ 1999ರಲ್ಲಿ ಮಂಡಿಸಿದ ‘ಎಒಡಿವಿ’ ಎಂಬ ಪದ್ಧತಿಯ ತಿರುಳು ಇದು. 2003ರಲ್ಲಿ ಅದು ಅಂತರ್ಜಾಲದ ನಿಯಮ ರೂಪಿಸುವ ಮಂಡಳಿಯ ಪ್ರಾಯೋಗಿಕ ದಾಖಲೆಯಾಗಿ ಪ್ರಕಟವಾಯಿತು.

ಯಾವುದು ಮೇಲು? ಗಂಟುಗಳು ಹೆಚ್ಚು ಅಲೆಯದೆ, ಮಾತು ಸದಾ ನಡೆಯುತ್ತಿದ್ದರೆ ವೇಳಾಪಟ್ಟಿ ಮೇಲು. ಮಾತು ಅಪರೂಪವಾಗಿದ್ದರೆ ಕೇಳುತ್ತ ಹೋಗುವುದೇ ಮೇಲು.

ಎಷ್ಟು ಮಂದಿ ಇದ್ದರೆ ಜಾಲ?

ಈಗ ಮತ್ತೆ ಕೊಡಗಿನ ಗುಡ್ಡಗಳಿಗೆ ಹೋಗೋಣ. ಎಲ್ಲರ ಫೋನಿನಲ್ಲೂ ಇಂಥ ತಂತ್ರಾಂಶ ಇದ್ದಿದ್ದರೆ ಸಂದೇಶ ಮಡಿಕೇರಿ ತಲುಪುತ್ತಿತ್ತೇ? ಭಾವನೆ ಬದಿಗಿಟ್ಟು ಲೆಕ್ಕ ಹಾಕಿ ನೋಡೋಣ.

ಬೆಲ್ ಪ್ರಯೋಗಾಲಯದ ಗಣಿತಜ್ಞ ಎಡ್ಗರ್ ಗಿಲ್ಬರ್ಟ್ 1961ರಲ್ಲೇ ಒಂದು ಪ್ರಶ್ನೆ ಎತ್ತಿದ್ದರು. ಬಯಲಿನಲ್ಲಿ ರೇಡಿಯೋಗಳನ್ನು ಅಕ್ಕಿ ಎರಚಿದಂತೆ ಚೆಲ್ಲಿದರೆ ಅವೆಲ್ಲ ಒಂದಕ್ಕೊಂದು ಹೆಣೆದುಕೊಳ್ಳುವುದು ಯಾವಾಗ? ಉತ್ತರ ಬೆರಗು ಹುಟ್ಟಿಸುವಂಥದು. ಸಾಂದ್ರತೆ ಕಡಿಮೆ ಇರುವಾಗ ಅಲ್ಲಲ್ಲಿ ಪುಟ್ಟ ಪುಟ್ಟ ಗುಂಪುಗಳಷ್ಟೇ ಇರುತ್ತವೆ. ಒಂದು ಗಡಿ ದಾಟಿದೊಡನೆ, ಹೆಪ್ಪುಗಟ್ಟಿದ ಹಾಲಿನಂತೆ, ಥಟ್ಟನೆ ಒಂದು ದೊಡ್ಡ ಜಾಲ ಕೂಡಿಕೊಳ್ಳುತ್ತದೆ. ಆ ಗಡಿ ಯಾವುದೆಂದು ಮುಂದಿನ ಗಣಕ ಲೆಕ್ಕಗಳು ತೋರಿಸಿವೆ. ಪ್ರತಿ ಗಂಟಿಗೂ ಸರಾಸರಿ ನಾಲ್ಕೂವರೆ ನೆರೆಯವರಿರಬೇಕು.

ಫೋನಿನ ವೈ-ಫೈ 50 ಮೀಟರ್ ಮುಟ್ಟುತ್ತದೆ ಎಂದಿಟ್ಟುಕೊಳ್ಳಿ. 50 ಮೀಟರ್ ತ್ರಿಜ್ಯದ ವೃತ್ತದ ವಿಸ್ತೀರ್ಣ ಸುಮಾರು 7,850 ಚದರ ಮೀಟರ್. ಅಷ್ಟರಲ್ಲಿ ನಾಲ್ಕೂವರೆ ಫೋನು ಬೇಕೆಂದರೆ ಚದರ ಕಿಲೋಮೀಟರಿಗೆ ಸುಮಾರು 570 ಫೋನುಗಳಾದವು. 2011ರ ಜನಗಣತಿಯಂತೆ ಕೊಡಗಿನ ಜನಸಾಂದ್ರತೆ ಚದರ ಕಿಲೋಮೀಟರಿಗೆ 135. ಹಸುಗೂಸಿನ ಕೈಗೂ ಒಂದು ಫೋನು ಕೊಟ್ಟರೂ ಸಾಲದು! ವ್ಯಾಪ್ತಿ 100 ಮೀಟರ್ ಎಂದುಕೊಂಡರೆ ಬೇಕಾದದ್ದು ಸುಮಾರು 143. ಆಗಲೂ ಅಂಚಿನಲ್ಲೇ ಉಳಿಯುತ್ತೇವೆ. ಅದೇ ಬೆಂಗಳೂರು ನಗರ ಜಿಲ್ಲೆಯ ಸಾಂದ್ರತೆ ಅದೇ ಗಣತಿಯಲ್ಲಿ 4,381. ಅಲ್ಲಿ ಹತ್ತರಲ್ಲಿ ಇಬ್ಬರು ಸೇರಿಕೊಂಡರೂ ಗಡಿ ದಾಟುತ್ತದೆ.

ಇದು ಸಮತಟ್ಟಾದ ಬಯಲಿನ ಲೆಕ್ಕ. ಜನ ಊರುಗಳಲ್ಲಿ ಗುಂಪಾಗಿರುತ್ತಾರೆ, ನಡುವೆ ತೋಟ, ಕಾಡು, ಗುಡ್ಡಗಳಿರುತ್ತವೆ. ಊರೊಳಗೆ ಜಾಲ ಸುಲಭ, ಊರೂರಿನ ನಡುವೆ ಕಷ್ಟ. ಯಾವ ಕಡೆ ಈ ಜಾಲದ ಅಗತ್ಯ ಅತಿ ಹೆಚ್ಚೋ ಅಲ್ಲೇ ಅದು ಅತಿ ದುರ್ಬಲ! ಹಾಗೆಂದು ಕೈಚೆಲ್ಲಬೇಕಿಲ್ಲ. ಗುಡ್ಡದ ನೆತ್ತಿಯಲ್ಲಿ, ಶಾಲೆಯ ಮಾಡಿನ ಮೇಲೆ ಸೌರ ಫಲಕದಿಂದ ನಡೆಯುವ ಕೆಲವು ಗಟ್ಟಿ ರೇಡಿಯೋಗಳನ್ನು ಮೊದಲೇ ಇಟ್ಟುಕೊಂಡರೆ ಊರುಗಳ ನಡುವೆ ಸೇತುವೆಯಾಗುತ್ತದೆ. ನ್ಯೂಯಾರ್ಕಿನ ಬ್ರೂಕ್ಲಿನ್ ಭಾಗದ ರೆಡ್ ಹುಕ್ ಎಂಬ ಬಡಾವಣೆಯ ಜನ ಇಂಥದೊಂದು ಜಾಲ ಕಟ್ಟಿಕೊಂಡಿದ್ದರು. 2012ರ ಅಕ್ಟೋಬರ್‌ನಲ್ಲಿ ಸ್ಯಾಂಡಿ ಚಂಡಮಾರುತ ಅಪ್ಪಳಿಸಿದ ಬಳಿಕ ಅದು ಅವರಿಗೆ ಆಸರೆಯಾಯಿತು.

ಹಂಚಿಕೊಂಡಷ್ಟೂ ಪಾಲು ಸಣ್ಣದು

ಮಂದಿ ಹೆಚ್ಚಿದ್ದರೆ ಎಲ್ಲವೂ ಸುಸೂತ್ರವೇ? ಅದೂ ಅಲ್ಲ. ಒಂದೇ ಕಂಪನಾಂಕದಲ್ಲಿ ಕೆಲಸ ಮಾಡುವ ರೇಡಿಯೋ ಹೇಳುವಾಗ ಕೇಳಲಾರದು. ಹಾಗಾಗಿ ಒಂದೇ ಪೊಟ್ಟಣ ಎರಡು ಜಿಗಿತ ಹೋಗಬೇಕಾದರೆ ವೇಗ ಅರ್ಧ, ಮೂರು ಜಿಗಿತಕ್ಕೆ ಮೂರರಲ್ಲಿ ಒಂದು ಪಾಲು. ಜತೆಗೆ ಸುತ್ತಲಿನವರ ಮಾತಿಗೂ ಅದೇ ಗಾಳಿ ಬೇಕು.

2000ದಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಪಿಯೂಷ್ ಗುಪ್ತಾ ಮತ್ತು ಪಿ. ಆರ್. ಕುಮಾರ್ ಇದಕ್ಕೊಂದು ಪ್ರಸಿದ್ಧ ಪ್ರಮೇಯ ಕೊಟ್ಟರು. ಕುಮಾರ್ ಮದ್ರಾಸಿನ ಐಐಟಿಯಲ್ಲಿ ಓದಿದವರು. ಜಾಲದಲ್ಲಿ ಗಂಟುಗಳು 100 ಪಟ್ಟು ಹೆಚ್ಚಿದರೆ ಒಬ್ಬೊಬ್ಬರಿಗೆ ಸಿಗುವ ವೇಗ ಹತ್ತನೇ ಒಂದಕ್ಕಿಂತಲೂ ಕೆಳಗಿಳಿಯುತ್ತದೆ ಎಂಬುದು ಅದರ ಸಾರ. ಎಷ್ಟೇ ಜಾಣ ತಂತ್ರಾಂಶ ಬರೆದರೂ ಇದನ್ನು ತಪ್ಪಿಸಲಾಗದು. ಯಾಕೆಂದರೆ ನೀವು ಕಳಿಸುವುದಕ್ಕಿಂತ ಊರವರದನ್ನು ಹೊರುವುದೇ ಹೆಚ್ಚಾಗುತ್ತದೆ. ಸಾವಿರಾರು ಮಂದಿ ಚಲನಚಿತ್ರ ನೋಡಲು ಇದು ತಕ್ಕದ್ದಲ್ಲ. ‘ಬದುಕಿದ್ದೇವೆ, ಔಷಧ ಕಳಿಸಿ’ ಎಂಬ ಒಂದು ಸಾಲಿಗೆ ಧಾರಾಳ ಸಾಕು.

ಇದಕ್ಕೊಂದು ಸಮಾಧಾನವೂ ಇದೆ. ರೇಡಿಯೋ ಅಲೆಯ ಬಲ ತೆರೆದ ಬಯಲಿನಲ್ಲಿ ದೂರದ ವರ್ಗಕ್ಕೆ ತಕ್ಕಂತೆ ಕುಗ್ಗುತ್ತದೆ. 100 ಮೀಟರಿಗೆ 4 ಪಾಲು ಶಕ್ತಿ ಬೇಕಾದರೆ 50 ಮೀಟರಿಗೆ 1 ಪಾಲು ಸಾಕು. ನಡುವೆ ಒಬ್ಬರನ್ನು ನಿಲ್ಲಿಸಿ ಎರಡು ಜಿಗಿತ ಮಾಡಿದರೆ ಒಟ್ಟು 2 ಪಾಲು; ಅರ್ಧ ಉಳಿತಾಯ. ಆದರೆ ಸದಾ ಕಿವಿ ತೆರೆದಿಟ್ಟುಕೊಳ್ಳುವುದಕ್ಕೇ ಬ್ಯಾಟರಿ ಬೇಕಲ್ಲ? ಈ ಉಳಿತಾಯದ ಒಂದು ಭಾಗ ಅಲ್ಲೇ ಖರ್ಚಾಗಿಬಿಡುತ್ತದೆ. ಆದ್ದರಿಂದಲೇ ಪುಟ್ಟ ಯಂತ್ರಗಳು ಹೆಚ್ಚು ಹೊತ್ತು ನಿದ್ದೆ ಮಾಡಿ, ಗೊತ್ತಾದ ಹೊತ್ತಿಗೆ ಎದ್ದು ಮಾತಾಡಿ ಮತ್ತೆ ಮಲಗುತ್ತವೆ.

ಊರವರ ಹೊರೆ ನಾನೇಕೆ ಹೊರಲಿ?

ಬಣವೆಗೆ ಬೆಂಕಿ ಬಿದ್ದಾಗ ಸಾಲಿನಲ್ಲಿ ನಿಂತವನೊಬ್ಬ ‘ನನ್ನ ಬಣವೆಯಲ್ಲವಲ್ಲ’ ಎಂದು ಕೈಕಟ್ಟಿದರೆ? ಈ ಜಾಲದಲ್ಲೂ ಅಂಥ ಗಂಟುಗಳಿರಬಹುದು. ತನ್ನ ಸಂದೇಶವನ್ನು ಎಲ್ಲರೂ ಹೊರಬೇಕು, ಬೇರೆಯವರದಕ್ಕೆ ತನ್ನ ಬ್ಯಾಟರಿ ಖರ್ಚಾಗಬಾರದು ಎನ್ನುವ ಗಂಟು. ಎಲ್ಲರೂ ಹಾಗೆ ಎಣಿಸಿದ ದಿನ ಜಾಲವೇ ಇಲ್ಲ.

ಇನ್ನೊಂದು ಜಾತಿ ಇನ್ನೂ ಅಪಾಯಕಾರಿ. ‘ಘ ಮನೆ ದಾರಿ ನನಗೆ ಗೊತ್ತು, ನನ್ನ ಕೈಗೆ ಕೊಡಿ’ ಎಂದು ಸುಳ್ಳು ಹೇಳಿ ಪೊಟ್ಟಣಗಳನ್ನೆಲ್ಲ ಪಡೆದು ನುಂಗಿಬಿಡುವವನು. ಇದಕ್ಕೆ ‘ಕಪ್ಪು ರಂಧ್ರ’ ಎಂದೇ ಹೆಸರು. ಸಂದೇಶಕ್ಕೆ ಗೂಢಲಿಪಿಯ ಬೀಗ ಹಾಕಿದರೆ ನಡುವಿನವನು ಅದನ್ನು ಓದಲಾರ, ನಿಜ. ಆದರೆ ಎಸೆಯುವುದನ್ನು ಬೀಗ ತಡೆಯದು.

2000ದಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ತಂಡವೊಂದು ‘ಕಾವಲು ನಾಯಿ’ ಎಂಬ ಉಪಾಯ ಸೂಚಿಸಿತು. ಪೊಟ್ಟಣ ಕೊಟ್ಟ ಮೇಲೆ ಪಕ್ಕದವನು ಅದನ್ನು ಮುಂದೆ ದಾಟಿಸಿದನೇ ಎಂದು ಕಿವಿಗೊಟ್ಟು ಕೇಳುವುದು, ಪದೇ ಪದೇ ತಪ್ಪಿದವನನ್ನು ಬಿಟ್ಟು ಬೇರೆ ದಾರಿ ಹಿಡಿಯುವುದು. ಸ್ವಿಟ್ಜರ್ಲೆಂಡಿನ ಲೊಸಾನ್‌ನ ತಜ್ಞರು ಇನ್ನೊಂದು ಹಾದಿ ಹಿಡಿದರು. ಬೇರೆಯವರ ಪೊಟ್ಟಣ ಹೊತ್ತವನಿಗೆ ಲೆಕ್ಕದ ನಾಣ್ಯ ಜಮೆಯಾಗಲಿ, ತನ್ನದನ್ನು ಕಳಿಸಲು ಅವನು ಆ ನಾಣ್ಯ ಖರ್ಚು ಮಾಡಲಿ ಎಂದರು. ಒಂದು ಗಾಳಿಸುದ್ದಿಗೂ ಒಂದು ಶಿಕ್ಷೆಗೂ ಸಮ. ಇನ್ನೊಂದು ಕೂಲಿಗೆ ಸಮ. ಊರು ನಡೆಸುವ ಹಳೆಯ ಸಮಸ್ಯೆಗಳೇ ಇಲ್ಲಿ ಗಣಕದ ವೇಷದಲ್ಲಿ ಬಂದಿವೆ, ಅಲ್ಲವೇ?

ಪಾಲಕರು ಗಮನಿಸಬೇಕಾದ ವಿಷಯವೂ ಇದೆ. 2014ರಲ್ಲಿ ಹಾಂಗ್‌ಕಾಂಗ್‌ನ ಚಳವಳಿಯ ಹೊತ್ತಿನಲ್ಲಿ ‘ಫೈರ್‌ಚಾಟ್’ ಎಂಬ ತಂತ್ರಾಂಶ ಫೋನಿನಿಂದ ಫೋನಿಗೆ ಸಂದೇಶ ದಾಟಿಸಿ ಹೆಸರು ಮಾಡಿತು. ಆದರೆ ಅಂದು ಅದರ ಹರಟೆಕಟ್ಟೆಯ ಮಾತುಗಳು ಯಾರು ಬೇಕಾದರೂ ಓದುವಂತಿದ್ದವು. ಗೋಪುರವಿಲ್ಲದ ಮಾತ್ರಕ್ಕೆ ಗುಟ್ಟು ಉಳಿಯುವುದಿಲ್ಲ. ಅಪರಿಚಿತರ ಕೈ ದಾಟಿ ಹೋಗುವ ಯಾವುದೇ ಸಂದೇಶದಲ್ಲಿ, ಬೀಗವಿದೆಯೆಂದು ಖಾತ್ರಿಯಿಲ್ಲದೆ, ಬ್ಯಾಂಕಿನ ವಿವರವಾಗಲಿ ಮನೆಯ ಖಾಸಗಿ ವಿಷಯವಾಗಲಿ ಬರೆಯಬಾರದು.

ಪಾವಗಡದ ಹೊಲ, ದೊಡ್ಡಬಳ್ಳಾಪುರದ ಬಸ್ಸು

ಇದೆಲ್ಲ ಪರದೇಶದ ಮಾತಾಯಿತು ಎನ್ನಬೇಡಿ. 2000ದ ದಶಕದ ಮಧ್ಯಭಾಗದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಲೊಸಾನ್‌ನ ತಾಂತ್ರಿಕ ಸಂಸ್ಥೆಗಳು ಸೇರಿ ಪಾವಗಡ ತಾಲ್ಲೂಕಿನ ಚೆನ್ನಕೇಶವಪುರದಲ್ಲಿ ಒಂದು ಪ್ರಯೋಗ ನಡೆಸಿದವು. ಮಳೆಯನ್ನೇ ನಂಬಿ ಶೇಂಗಾ ಬೆಳೆಯುವ ಒಣಭೂಮಿ ಅದು. ಹೊಲಗಳಲ್ಲಿ ಮಣ್ಣಿನ ತೇವ, ಉಷ್ಣತೆಗಳನ್ನು ಅಳೆಯುವ ಪುಟ್ಟ ನಿಸ್ತಂತು ಪೆಟ್ಟಿಗೆಗಳನ್ನು ನೆಟ್ಟರು. ಅವು ಒಂದರಿಂದೊಂದಕ್ಕೆ ಅಂಕಿ-ಅಂಶ ದಾಟಿಸಿ ಕೇಂದ್ರ ಪೆಟ್ಟಿಗೆಗೆ ಮುಟ್ಟಿಸುತ್ತಿದ್ದವು. ಸಣ್ಣ ರೈತನ ಬೆಳೆಗೆ ನೀರು ಯಾವಾಗ ತೀರಾ ಅಗತ್ಯ ಎಂದು ತಿಳಿಯುವುದು ಅದರ ಉದ್ದೇಶ.

ಅದೇ ದಶಕದ ಆರಂಭದಲ್ಲಿ ದೊಡ್ಡಬಳ್ಳಾಪುರ ತಾಲ್ಲೂಕಿನಲ್ಲಿ ಇನ್ನೂ ಸ್ವಾರಸ್ಯದ ಪ್ರಯೋಗ ನಡೆಯಿತು. ಅಮೆರಿಕದ ಎಂಐಟಿಯ ಮೀಡಿಯಾ ಲ್ಯಾಬ್‌ನಲ್ಲಿ ರೂಪುಗೊಂಡ ಈ ಯೋಜನೆಗೆ ನಮ್ಮ ‘ಡಾಕ್’ ಪದ ಸೇರಿಸಿ ‘ಡಾಕ್‌ನೆಟ್’ ಎಂದು ಹೆಸರಿಟ್ಟಿದ್ದರು. ಸರ್ಕಾರಿ ಬಸ್ಸಿನಲ್ಲಿ ಒಂದು ಗಣಕ ಮತ್ತು ವೈ-ಫೈ ಆಂಟೆನಾ. ಬಸ್ಸು ಹಳ್ಳಿಯ ಕಿಯೋಸ್ಕ್ ಹತ್ತಿರ ಬಂದಾಗ ಎರಡೂ ಗಣಕಗಳು ತಾವಾಗಿ ಮಾತಾಡಿಕೊಳ್ಳುತ್ತಿದ್ದವು. ಸರಾಸರಿ ಎರಡೂವರೆ ನಿಮಿಷದ ಭೇಟಿಯಲ್ಲಿ ಸುಮಾರು 20 ಮೆಗಾಬೈಟ್ ದಾಟುತ್ತಿತ್ತು. ಹೀಗೆ ‘ಭೂಮಿ’ ಯೋಜನೆಯ ಪಹಣಿ ಕೋರಿಕೆಗಳು ಬಸ್ಸೇರಿ ತಾಲ್ಲೂಕು ಕೇಂದ್ರಕ್ಕೆ ಹೋಗಿ ಉತ್ತರದೊಂದಿಗೆ ಮರಳುತ್ತಿದ್ದವು.

ಇಲ್ಲೊಂದು ತತ್ವ ಅಡಗಿದೆ. ಕೊಂಡಿ ಈಗಲೇ ಇಲ್ಲದಿದ್ದರೂ ಚಿಂತೆಯಿಲ್ಲ. ಸಂದೇಶವನ್ನು ಹೊತ್ತುಕೊಂಡಿರು, ಯಾರಾದರೂ ಸಿಕ್ಕಾಗ ದಾಟಿಸು. ಗಂಟುಗಳ ಓಡಾಟ ಶಾಪವಾಗಿತ್ತಲ್ಲ, ಕಾಯುವ ತಾಳ್ಮೆ ಇದ್ದರೆ ಅದೇ ವರ! ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದವರು 2004ರಲ್ಲಿ ಕೀನ್ಯಾದ ಜೀಬ್ರಾಗಳ ಕೊರಳಿಗೆ ಇಂಥ ಪಟ್ಟಿ ಕಟ್ಟಿದ್ದರು. ಎರಡು ಜೀಬ್ರಾಗಳು ಹತ್ತಿರ ಬಂದಾಗ ಒಂದರ ಅಲೆದಾಟದ ದಾಖಲೆ ಇನ್ನೊಂದಕ್ಕೂ ನಕಲಾಗುತ್ತಿತ್ತು. ಒಂದೆರಡು ಜೀಬ್ರಾಗಳು ಸಂಶೋಧಕರ ಜೀಪಿನ ಬಳಿ ಸುಳಿದರೂ ಸಾಕು, ಹಿಂಡಿನ ಇತರರ ಕತೆಯೂ ಸಿಗುತ್ತಿತ್ತು.

ಈಗ ಎಲ್ಲಿದೆ ಈ ಜಾಲ?

ಊರಿಗೆ ಊರೇ ಗೋಪುರ ಬಿಟ್ಟು ಫೋನಿನಿಂದ ಫೋನಿಗೆ ಮಾತಾಡುವ ಕನಸು ಇನ್ನೂ ನನಸಾಗಿಲ್ಲ. ಮೇಲಿನ ಲೆಕ್ಕಗಳನ್ನು ನೋಡಿದವರಿಗೆ ಯಾಕೆಂದು ತಿಳಿದಿರುತ್ತದೆ. ಆದರೆ ಅದರ ತುಂಡುಗಳು ಸದ್ದಿಲ್ಲದೆ ಮನೆ ಸೇರಿವೆ. ದೊಡ್ಡ ಮನೆಗಳಲ್ಲಿ ಮೂಲೆಮೂಲೆಗೆ ಇಡುವ ‘ಮೆಶ್’ ವೈ-ಫೈ ಪೆಟ್ಟಿಗೆಗಳು ಪರಸ್ಪರ ಪೊಟ್ಟಣ ದಾಟಿಸುತ್ತವೆ. ತಾವಾಗಿ ಆರುವ, ಬೆಳಗುವ ‘ಜಿಗ್‌ಬೀ’ ದೀಪಗಳು, ಕೆಲವು ಕಡೆಯ ವಿದ್ಯುತ್ ಮೀಟರುಗಳು ಮಾಡುವುದೂ ಇದನ್ನೇ. ಬ್ಲೂಟೂತ್‌ಗೂ 2017ರಲ್ಲಿ ಮೆಶ್ ನಿಯಮಾವಳಿ ಬಂತು. ಸೈನ್ಯಗಳಂತೂ ಇದನ್ನು ಎಂದೂ ಕೈಬಿಟ್ಟಿಲ್ಲ.

ವಿದ್ಯಾರ್ಥಿಗಳಿಗೆ ಒಂದಿಷ್ಟು ಕೆಲಸ

ಇದನ್ನು ಕಲಿಯಲು ಗಣಕವೇ ಬೇಕೆಂದಿಲ್ಲ. ಶಾಲೆಯ ಮೈದಾನದಲ್ಲಿ 20 ಮಂದಿ ಚೆದುರಿ ನಿಲ್ಲಿ. ನಾಲ್ಕು ಹೆಜ್ಜೆ ಒಳಗಿರುವವರಿಗೆ ಮಾತ್ರ ಚೀಟಿ ಕೊಡಬಹುದು ಎಂಬ ನಿಯಮವಿರಲಿ. ಮೇಲೆ ಹೇಳಿದ ಡಂಗುರದ ಪದ್ಧತಿಯಲ್ಲಿ ದಾರಿ ಹುಡುಕಿ. ಮೊದಲು ನಿಂತಲ್ಲೇ ನಿಂತು, ಆಮೇಲೆ ನಡೆದಾಡುತ್ತ ಆಡಿ. ಇಬ್ಬರಿಗೆ ಗುಟ್ಟಾಗಿ ‘ಚೀಟಿ ನುಂಗಿಬಿಡಿ’ ಎಂದು ಹೇಳಿ. ಎಷ್ಟು ಚೀಟಿ ಮುಟ್ಟಿದವು, ಎಷ್ಟು ಕಳೆದವು ಎಂದು ಬರೆದಿಡಿ. ಕಾಲೇಜಿನ ಪುಸ್ತಕದ ಅರ್ಧ ಪಾಠ ಅಲ್ಲೇ ಆಗಿಬಿಡುತ್ತದೆ.

ಎಂಜಿನಿಯರಿಂಗ್ ಓದುವವರಿಗೆ ಐಐಟಿ ಮದ್ರಾಸ್‌ನ ಸಿ. ಶಿವರಾಮ ಮೂರ್ತಿ ಮತ್ತು ಬಿ. ಎಸ್. ಮನೋಜ್ ಅವರು 2004ರಲ್ಲಿ ಹೊರತಂದ ಅಡ್‌ಹಾಕ್ ಜಾಲಗಳ ಪಠ್ಯ ಒಳ್ಳೆಯ ಆರಂಭ. ‘ಎನ್‌ಎಸ್-3’ ಎಂಬ ಉಚಿತ ತಂತ್ರಾಂಶದಲ್ಲಿ ನೂರಾರು ಗಂಟುಗಳ ಜಾಲವನ್ನು ಒಂದೇ ಗಣಕದೊಳಗೆ ನಡೆಸಿ ನೋಡಬಹುದು. ಕೈಯಲ್ಲಿ ಹಿಡಿದು ಮಾಡುವ ಆಸೆಯಿದ್ದರೆ ಕೆಲವು ನೂರು ರೂಪಾಯಿಗೆ ಸಿಗುವ ‘ಇಎಸ್‌ಪಿ-32’ ಫಲಕಗಳು ಮೂರ್ನಾಲ್ಕು ಸಾಕು. ಅವು ಬಳಸುವ 2.4 ಗಿಗಾಹರ್ಟ್ಸ್ ಪಟ್ಟಿಗೆ, ಶಕ್ತಿಯ ಮಿತಿಯೊಳಗಿದ್ದರೆ, ನಮ್ಮ ದೇಶದಲ್ಲಿ ಲೈಸೆನ್ಸ್ ಬೇಕಿಲ್ಲ. ಇನ್ನೂ ದೂರ ಮುಟ್ಟುವ ಹವ್ಯಾಸಿ ರೇಡಿಯೋ, ಅಂದರೆ ‘ಹ್ಯಾಮ್’, ಹಿಡಿಯಬೇಕೆಂದರೆ ಪರೀಕ್ಷೆ ಬರೆದು ಲೈಸೆನ್ಸ್ ಪಡೆಯಬೇಕು. 12 ವರ್ಷ ತುಂಬಿದ ಮಕ್ಕಳೂ ಅದನ್ನು ಬರೆಯಬಹುದು.

‘ಇದರಿಂದ ನೌಕರಿ ಸಿಗುತ್ತದೆಯೇ?’ ಎಂದು ಕೇಳುವ ಅಪ್ಪ ಅಮ್ಮಂದಿರಿಗೆ ಒಂದು ಮಾತು. ಈ ವಿಷಯದಲ್ಲಿ ಭೌತವಿಜ್ಞಾನದ ಅಲೆಗಳಿವೆ, ಗಣಿತದ ಸಂಭಾವ್ಯತೆ ಮತ್ತು ಗ್ರಾಫ್ ಸಿದ್ಧಾಂತಗಳಿವೆ, ತಂತ್ರಾಂಶವಿದೆ, ಒಂದಿಷ್ಟು ಅರ್ಥಶಾಸ್ತ್ರವೂ ಇದೆ. ಪದ್ಧತಿಗಳ ಹೆಸರುಗಳು ಹತ್ತು ವರ್ಷಕ್ಕೆ ಹಳೆಯದಾದಾವು. ಈ ನಾಲ್ಕನ್ನು ಸೇರಿಸಿ ಯೋಚಿಸಲು ಕಲಿತ ಮಗುವಿನ ವಿದ್ಯೆ ಅಷ್ಟು ಬೇಗ ಹಳೆಯದಾಗದು.

ಮುಂದಿನ ಮಳೆಗಾಲದಲ್ಲಿ ಎಲ್ಲೋ ಒಂದು ಗೋಪುರ ಮತ್ತೆ ಮೌನವಾಗಬಹುದು. ಆ ಊರಿನ ಶಾಲೆಯ ಮಾಡಿನ ಮೇಲೆ ಸೌರ ಫಲಕದ ಒಂದು ಪುಟ್ಟ ಪೆಟ್ಟಿಗೆ, ಪಕ್ಕದ ಗುಡ್ಡದ ಮೇಲೆ ಇನ್ನೊಂದು ಇದ್ದರೆ, ಎರಡರ ನಡುವೆ ಒಂದು ಸಾಲಿನ ಸುದ್ದಿ ದಾಟೀತು. ಅದನ್ನು ಕಟ್ಟುವ ಲೆಕ್ಕ ಕಷ್ಟದ್ದಲ್ಲ. ಪಿಯುಸಿ ಮುಗಿಸಿದವರು ಹಾಕಬಹುದಾದಷ್ಟೇ.